ಸಹಾಯ ಬೇಕು: ಮನೆಯಲ್ಲೇ ಕಲಿಸುವ ಕ್ರೈಸ್ತ ಕುಟುಂಬಗಳು ಹುಬ್ಬಳ್ಳಿ-ಧಾರವಾಡದಲ್ಲಿ ಯಾರಿದ್ದೀರಿ?

ಎಲ್ಲರಿಗೂ ನಮಸ್ಕಾರ್ರೀ. ಕೇಶ್ವಾಪುರದ ಕಡೆ ನಮ್ಮ 7 ಮತ್ತು 11 ವರ್ಷದ ಮಕ್ಕಳಿಗೆ ಜೂನ್‌ನಿಂದ ಶಾಲೆ ಬದಲು ಮನೆಪಾಠ. ಬೆಳಿಗ್ಗೆ ಸತ್ಯವೇದ, ಪ್ರಾರ್ಥನೆ ಸೇರಿ 15 ನಿಮಿಷ. ಇದಕ್ಕಿಂತ ಎಳೆದರೆ ಸಣ್ಣವರು ಚಾಪೆ ನೂಲು ಕೀಳ್ತಾ ಕೂರ್ತಾರೆ. ಸತ್ಯವೇದದ ಜ್ಞಾನೋಕ್ತಿಗಳು ಪುಸ್ತಕದಲ್ಲಿ 31 ಅಧ್ಯಾಯ ಇರೋದರಿಂದ ತಾರೀಖಿಗೊಂದು ಹೊಂದುತ್ತೆ, ಆದರೆ ಪೂರ್ತಿ ಬೇಡ, ನಾಲ್ಕೈದು ವಚನ ಸಾಕು. ಪುಸ್ತಕ ಮುಚ್ಚಿಸಿ, ಮಗು ತನ್ನ ಮಾತಲ್ಲೇ ಹೇಳಲಿ.

ಮೊದಲ ಆರು ವಾರ ಗಣಿತ ಮತ್ತು ಕನ್ನಡ ಮಾತ್ರ. ಎಲ್ಲಾ ವಿಷಯ ಒಟ್ಟಿಗೆ ಹಿಡಿದರೆ ದಸರಾ ಹೊತ್ತಿಗೆ ಟೈಮ್‌ಟೇಬಲ್ ಗೋಡೆ ಮೇಲಷ್ಟೇ ಉಳಿಯುತ್ತೆ. ದಿನಾ ನಾಲ್ಕು ಸಾಲು ಉಕ್ತಲೇಖನ. ಒತ್ತಕ್ಷರ, ಮಹಾಪ್ರಾಣ ತಪ್ಪಿದ ಪದಗಳನ್ನಷ್ಟೇ ಮರುದಿನ ಮತ್ತೆ ಬರೆಸೋದು.

ತೊಡಕು ಇಲ್ಲಿದೆ: ಸಿಗುವ ಕ್ರೈಸ್ತ ಪಠ್ಯಗಳಲ್ಲಿ ಹೆಚ್ಚಿನವು ಅಮೆರಿಕದವು. ಲೆಕ್ಕವೆಲ್ಲ ಡಾಲರು, ಇಂಚು. ಕನ್ನಡವಂತೂ ಇಲ್ಲವೇ ಇಲ್ಲ, ಅಜ್ಜಿಯ ಸತ್ಯವೇದ ಮಕ್ಕಳಿಗೆ ಓದೋಕೆ ಬರಲ್ಲ. ಇತಿಹಾಸಕ್ಕೆ ಚಿಂತೆಯಿಲ್ಲ: 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್, 1894ರ ಕಿಟೆಲ್ ನಿಘಂಟು ಕೈಗೆಟುಕುವಲ್ಲೇ ಇವೆ.

ಬೇಕಾಗಿರೋದು: ಐದನೇ ತರಗತಿಯ ಕನ್ನಡ ಮಾಧ್ಯಮದ ಹಳೇ ಗಣಿತ ಪುಸ್ತಕ. ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಮಂಡಳಿ) ಹತ್ತನೇ ತರಗತಿಗೆ 14 ತುಂಬಿರಬೇಕು, ಹಾಗಾಗಿ ಟೈಮ್ ಇದೆ. ಆದರೂ ವಿಜ್ಞಾನದ ಪ್ರಾಕ್ಟಿಕಲ್ ಸರಿಯಾಗಿ ಮಾಡಿಸುವ ಕೇಂದ್ರ ಹತ್ತಿರದಲ್ಲಿ ಯಾವುದು? ಶನಿವಾರ ಎರಡು ತಾಸು ಮಕ್ಕಳನ್ನ ಆಟಕ್ಕೆ, ಹಾಡಿಗೆ ಸೇರಿಸೋಕೆ ಯಾರಾದರೂ ತಯಾರಿದ್ದೀರಾ? ಮನೆಪಾಠದ ಮಕ್ಕಳಿಗೆ ಓರಗೆಯವರ ಜೊತೆ ಜಗಳಾಡೋದೂ ಕಲೀಬೇಕಲ್ರೀ. ಗದಗಿನವರೂ ಹೇಳಿ, ಇನ್‌ಬಾಕ್ಸ್ ಆದರೂ ನಡೀತದ.