ತೋಟದಲ್ಲಿ ಹೊರಗಿನವರ ಕನ್ನಡ ಕೇಳಿ ನಗಾಡುದು ತಪ್ಪಾ?

ಕಣದ ರೈಟರ್:

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಸಿದ್ದಾಪುರ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದ್ರೆ ಹಾಜರಿ, ತೂಕ ಬರೆಯುವವ, ಹನ್ನೊಂದು ವರ್ಷ ಆಯ್ತು. ಒಂದು ವಾರದಿಂದ ಒಂದು ವಿಷಯ ತಲೇಲಿ ಕೊರೀತಾ ಉಂಟು, ಮನೇಲಿ ಹೇಳಿದ್ರೆ "ಅದರಲ್ಲಿ ಎಂತ ಉಂಟು, ಎಲ್ಲರೂ ತಮಾಷೆ ಮಾಡ್ತಾರೆ" ಅಂತಾರೆ, ಅದಕ್ಕೆ ಇಲ್ಲಿ ಕೇಳ್ತಾ ಇದ್ದೇನೆ.

ನಮ್ಮ ಕೆಲಸದವರ ಲೈನ್ ಮನೇಲಿ ಈಗ ಅರ್ಧಕ್ಕಿಂತ ಜಾಸ್ತಿ ಅಸ್ಸಾಮಿಂದ ಬಂದವರು. ಅದರಲ್ಲಿ ಒಬ್ಬ ನಾಲ್ಕು ವರ್ಷದಿಂದ ನಮ್ಮಲ್ಲೇ ಇದ್ದಾನೆ, ಹೆಂಡತಿ ಮತ್ತೆ ಒಂದು ಸಣ್ಣ ಮಗು. ಉಳಿದವರೆಲ್ಲ ಹಿಂದೀಲೇ ಸುಧಾರಿಸ್ತಾರೆ, ಇವನೊಬ್ಬ ಹಠ ಹಿಡಿದು ಕನ್ನಡ ಕಲ್ತ. ಆದ್ರೆ ಅವನ ಬಾಯಲ್ಲಿ "ಚ" ಬರುದಿಲ್ಲ, "ಸ" ಆಗ್ತದೆ. ಚೀಲಕ್ಕೆ ಸೀಲ, ಚಳಿಗೆ ಸಳಿ. ತೋಟ ಅಂದ್ರೆ ಎರಡೂ ಅಕ್ಷರ ಒಂದೇ ತರ ಕೇಳ್ತದೆ, ತನೂ ಅಲ್ಲ ಟನೂ ಅಲ್ಲ, ಮಧ್ಯದ್ದು ಎಂಥದೋ. ಸುರೂಲಿ ಕಣದಲ್ಲಿ "ಸಾರ್, ಸೀಲ ತುಂಬಿತು" ಅಂದಾಗ ಹುಡುಗರೆಲ್ಲ ನಕ್ಕರು, ನಾನೂ ನಕ್ಕೆ, ಅವನೂ ನಕ್ಕ. ಅಲ್ಲಿಂದ ಅವನ ಹೆಸರೇ ಸೀಲ ಆಗಿಹೋಯ್ತು. "ಸೀಲ ಬಂದನಾ", "ಸೀಲಂಗೆ ಸಳಿ ಆಗ್ತಾ ಉಂಟಾ" ಅಂತ ದಿನಾ ಇದೇ. ಹಾಜರಿ ಕೂಗುವಾಗ ನಾನೇ ಒಂದೆರಡು ಸಲ ಸೀಲ ಅಂತ ಕರೆದಿದ್ದೇನೆ.

ಈಗ ರೋಬಸ್ಟಾ ಕುಯ್ಲು. ಸಂಜೆ ಕಣಕ್ಕೆ ತಂದು ತೂಕ ಹಾಕಿ ಕೆಜಿ ಲೆಕ್ಕದಲ್ಲಿ ದುಡ್ಡು. ಹೋದ ಬಟವಾಡೆ ದಿನ ತೂಕದ ಚೀಟಿ ಮತ್ತೆ ಪುಸ್ತಕ ತಾಳೆ ನೋಡುವಾಗ ಕಣ್ಣಿಗೆ ಬಿತ್ತು, ಒಂದು ದಿನ ಗಂಡ ಹೆಂಡತಿ ಸೇರಿ 162 ಕೆಜಿ ಕುಯ್ದದ್ದನ್ನ ನಾನು ಪುಸ್ತಕದಲ್ಲಿ 126 ಅಂತ ಬರೆದುಬಿಟ್ಟಿದ್ದೆ. 36 ಕೆಜಿ ದುಡ್ಡು ಹೋಯ್ತು ಅವರಿಗೆ. ಕರ್ದು ಕೇಳಿದೆ, ನಾನು ಬರೆದದ್ದು ಗಟ್ಟಿಯಾಗಿ ಓದ್ತೇನಲ್ಲ, ನಿನಗೆ ಗೊತ್ತಾಗ್ಲಿಲ್ವಾ ಅಂತ. ಅವ ನೆಲ ನೋಡ್ಕೊಂಡು ನಿಂತ. ಹೆಂಡತಿ ಹಿಂದೀಲಿ ಹೇಳಿದ್ಳು, ಅವತ್ತೇ ಗೊತ್ತಾಗಿತ್ತು ಸಾರ್, ಕಣದಲ್ಲಿ ಎಲ್ಲರೂ ಇದ್ರು, ಬಾಯಿ ಬಿಟ್ರೆ ನಗ್ತಾರೆ ಅಂತ ಹೇಳ್ಲಿಲ್ಲ.

ದುಡ್ಡು ಅವತ್ತೇ ಕೊಡಿಸಿದೆ, ಅದು ಬೇರೆ ವಿಷಯ. ನನ್ನ ಪ್ರಶ್ನೆ ಇಷ್ಟೇ, ನಾಲ್ಕು ವರ್ಷ ಅವನೂ ನಮ್ಮ ಜೊತೆ ನಗ್ತಾ ಇದ್ದ, ಹಾಗಾದ್ರೆ ಅದು ನೋವಾಗ್ತಾ ಇತ್ತು ಅಂತ ನಮಗೆ ಹೇಗೆ ಗೊತ್ತಾಗ್ಬೇಕಿತ್ತು? ಮಾತಿನ ಧಾಟಿ ಬಗ್ಗೆ ತಮಾಷೆ ಮಾಡುದು ನಿಜವಾಗಿ ತಪ್ಪೇ, ಅಥವಾ ನಾನು ಜಾಸ್ತಿ ಯೋಚನೆ ಮಾಡ್ತಾ ಇದ್ದೇನಾ?

ಗೋಣಿಕೊಪ್ಪದವ:

ಅಣ್ಣ, ನೀವು ಒಳ್ಳೆ ಮನುಷ್ಯ ಅಂತ ಗೊತ್ತಾಗ್ತದೆ, ಆದ್ರೆ ಪುಸ್ತಕದಲ್ಲಿ ತಪ್ಪು ಬರೆದದ್ದು ಬೇರೆ, ತಮಾಷೆ ಬೇರೆ, ಎರಡನ್ನೂ ಸೇರಿಸ್ಬೇಡಿ. ನಾನು ಬೆಂಗಳೂರಲ್ಲಿ ನಾಲ್ಕು ವರ್ಷ ಹಾಸ್ಟೆಲಲ್ಲಿ ಇದ್ದೆ. ಮನೇಲಿ ಕೊಡವ ತಕ್ಕ್, ಅಂದ್ರೆ ಕೊಡವರ ಭಾಷೆ, ಕನ್ನಡ ನಮ್ಮೂರಿನದ್ದು. "ಉಂಟು" ಅಂದ್ರೆ ನಗು, "ಎಂತ" ಅಂದ್ರೆ ನಗು, "ಬರ್ತದೆ ಹೋಗ್ತದೆ" ಅಂದ್ರೆ ಯಕ್ಷಗಾನ ಸುರು ಆಯ್ತು ಅಂತ ಇಡೀ ರೂಮು ಕುಣೀತಿತ್ತು. ನಾನೂ ಬಿಡ್ಲಿಲ್ಲ, ಅವರು ಹಾಸನಕ್ಕೆ ಆಸನ, ಹಾಲಿಗೆ ಆಲು ಅಂತಿದ್ರು, ದಿನಾ ಹಿಡೀತಿದ್ದೆ. ಅದೇ ಹುಡುಗರು ನನ್ನ ಮದುವೆಗೆ ಬಸ್ಸು ಮಾಡ್ಕೊಂಡು ಬಂದ್ರು, ಈಗಲೂ ಫೋನ್ ಮಾಡಿದ್ರೆ ಮೊದಲನೇ ಮಾತೇ "ಎಂತ ಮಾರಾಯ". ಅದು ಹೋದ್ರೆ ನಮ್ಮ ಸ್ನೇಹದಲ್ಲಿ ಉಳಿಯುದು ಎಂತ? ಎಲ್ಲದಕ್ಕೂ ಬೇಜಾರು ಮಾಡ್ಕೊಂಡ್ರೆ ಜನ ಜನರ ಹತ್ರ ಮಾತಾಡುದೇ ನಿಲ್ಲಿಸ್ತಾರೆ.

ಮಡಿಕೇರಿ ಟೀಚರ್:

ರೈಟರ್ ಅವರೇ, ನೀವು ಜಾಸ್ತಿ ಯೋಚನೆ ಮಾಡ್ತಾ ಇಲ್ಲ. ಗೋಣಿಕೊಪ್ಪದವರೇ, ನಿಮ್ಮ ಹಾಸ್ಟೆಲ್ ಕತೇಲಿ ಒಂದು ಮುಖ್ಯ ವಿಷಯ ನೀವೇ ಹೇಳಿದ್ದೀರಿ, ನೀವೂ ತಿರುಗಿ ಹಿಡೀತಿದ್ರಿ. ಈ ಕೂಲಿ ಕೆಲಸದವ ರೈಟರಿನ ಕನ್ನಡವನ್ನ ಕಣದಲ್ಲಿ ಎಲ್ಲರ ಮುಂದೆ ಅಣಕಿಸಿ ಮಾರನೇ ದಿನ ಕೆಲಸಕ್ಕೆ ಬರ್ಲಿಕ್ಕೆ ಆಗ್ತದಾ? ನೀವು ಸಮಸಮ ಇದ್ರಿ, ಇವ ಇಲ್ಲ.

ನಮ್ಮ ಮನೆಮಾತು ಕೊಡಗಿನ ಕಡೆ ಆಡುವ ಅರೆಭಾಷೆ. ಹೆಸರಲ್ಲೇ ಅರೆ. ನಾನು ಸಣ್ಣವಳಿದ್ದಾಗ ಶಾಲೇಲಿ ಬಾಯ್ತಪ್ಪಿ ಮನೆ ಮಾತು ಬಂದ್ರೆ "ಅರ್ಧ ಭಾಷೆಯವಳು" ಅಂತ ಆಡ್ಕೊಳ್ತಿದ್ರು, ಮೇಷ್ಟ್ರೂ ನಗ್ತಿದ್ರು. 2011ರಲ್ಲಿ ಸರ್ಕಾರ ಅರೆಭಾಷೆ ಅಕಾಡೆಮಿ ಮಾಡಿತು, ಮಡಿಕೇರೀಲೇ ಉಂಟು, ಆದರೂ ಇವತ್ತಿಗೂ ಅದು ಕೆಟ್ಟ ಕನ್ನಡ ಅಲ್ವಾ ಅಂತ ನನ್ನ ಮುಖಕ್ಕೇ ಕೇಳ್ತಾರೆ. ನಾನೂ ಆಗ ನಗ್ತಾ ಇದ್ದೆ ರೈಟರ್ ಅವರೇ. ನಗದೇ ಇದ್ರೆ ಇನ್ನೂ ಜಾಸ್ತಿ ಆಗ್ತದೆ ಅಂತ ಗೊತ್ತಿತ್ತು. ಹೇಗೆ ಗೊತ್ತಾಗ್ಬೇಕಿತ್ತು ಅಂತ ಕೇಳಿದ್ರಲ್ಲ, ನಗುವಾಗ ಅಲ್ಲ, ಆಮೇಲೆ ನೋಡ್ಬೇಕು. ನಗು ನಿಂತ ಮೇಲೆ ಆ ಮನುಷ್ಯ ಮುಂಚಿನಷ್ಟೇ ಮಾತಾಡ್ತಾನಾ, ಕಡಿಮೆ ಮಾಡ್ತಾನಾ? ನಾನು ಐದನೇ ಕ್ಲಾಸಿಂದ ಏಳನೇ ಕ್ಲಾಸಿನವರೆಗೆ ತರಗತೀಲಿ ಕೈ ಎತ್ತಿಲ್ಲ. ಉತ್ತರ ಗೊತ್ತಿದ್ರೂ ಇಲ್ಲ.

ಇನ್ನೊಂದು, ಆ ತ ಮತ್ತೆ ಟ ವಿಷಯ. ಅಸ್ಸಾಮೀಲಿ ನಮ್ಮ ಹಾಗೆ ಹಲ್ಲಿನ ತ, ಮೂರ್ಧನ್ಯ ಟ ಅಂತ ಬೇರೆ ಬೇರೆ ಇಲ್ಲ, ಎರಡೂ ಒಂದೇ ಆಗಿಹೋಗಿದೆ. ಚ ಅಕ್ಷರ ಬರೀತಾರೆ, ಓದುದು ಸ ಅಂತ. ಅವ ಸೋಮಾರಿತನದಿಂದ ಹಾಗೆ ಹೇಳುದಲ್ಲ. ನಾನು ಬಿ.ಎಡ್ ಮಾಡುವಾಗ ಓದಿದ್ದು, 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತೆ ರಿಚರ್ಡ್ ಟೀಸ್ ಅನ್ನುವವರು ಇಂಗ್ಲಿಷ್ ಮನೆಯ ಶಿಶುಗಳಿಗೆ ಹಿಂದಿಯ ಇದೇ ತ ಮತ್ತೆ ಟ ಕೇಳಿಸಿ ಪರೀಕ್ಷೆ ಮಾಡಿದ್ರು. ಆರೆಂಟು ತಿಂಗಳ ಮಗುಗೆ ವ್ಯತ್ಯಾಸ ಗೊತ್ತಾಗ್ತಿತ್ತು, ಹತ್ತು ಹನ್ನೆರಡು ತಿಂಗಳಾಗುವಾಗ ಹೆಚ್ಚಿನ ಮಕ್ಕಳಿಗೆ ಗೊತ್ತಾಗ್ತಿರ್ಲಿಲ್ಲ. ಅಂದ್ರೆ ಮಗು ನಡೀಲಿಕ್ಕೆ ಕಲಿಯುವ ಮೊದಲೇ ಕಿವಿ ಮನೆ ಭಾಷೆಗೆ ಹೊಂದಿಕೊಂಡಿರ್ತದೆ. ಮೂವತ್ತು ವರ್ಷದ ಗಂಡಸು ಅದನ್ನ ಮೀರಿ "ಚೀಲ ತುಂಬಿತು" ಅಂತ ಇಡೀ ವಾಕ್ಯ ಕಟ್ಟಿದ್ದಾನೆ, ನಮಗೆ ಕೇಳಿಸಿದ್ದು ಒಂದು ಅಕ್ಷರ.

ಹಾಗೇ 36 ಕೆಜಿ ವಿಷಯ ಓದಿ ನೆನಪಾಯ್ತು. 2010ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಲೆವ್-ಆರಿ ಮತ್ತೆ ಕೈಸರ್ ಅನ್ನುವವರು ತೋರಿಸಿದ್ದಾರೆ, ಒಂಟೆಗಿಂತ ಜಿರಾಫೆ ಹೆಚ್ಚು ದಿನ ನೀರಿಲ್ಲದೆ ಇರ್ತದೆ ಅನ್ನುವ ತರದ ಮಾತನ್ನ ಹೊರಗಿನ ಧಾಟೀಲಿ ಹೇಳಿದ್ರೆ ಕೇಳುವವರು ಕಡಿಮೆ ನಂಬ್ತಾರೆ. ಬೇರೆಯವರು ಬರ್ಕೊಟ್ಟದ್ದನ್ನ ಓದ್ತಾ ಇದ್ದಾರೆ ಅಂತ ಮೊದಲೇ ಹೇಳಿದ್ರೂ ಹಾಗೇ. ಅವ ಅವತ್ತು ಬಾಯಿ ಬಿಟ್ಟು 162 ಅಂತ ಹೇಳಿದ್ರೂ ಕಣದಲ್ಲಿ ಎಷ್ಟು ಜನ ನಂಬ್ತಿದ್ರು ಅಂತ ಯೋಚನೆ ಮಾಡಿ.

ಪೇಟೆ ಹೋಟ್ಲಿನವನ ಮಗ:

ನಮ್ಮಪ್ಪ ಕಣ್ಣೂರು ಕಡೆಯವರು, ವಿರಾಜಪೇಟೇಲಿ ಸಣ್ಣ ಹೋಟ್ಲು. ಅವರ ಬಾಯಲ್ಲಿ ಕಾಫಿ ಯಾವತ್ತೂ "ಕಾಪ್ಪಿ". ಹಳೇ ಗಿರಾಕಿಗಳು ಒಳಗೆ ಬರುವಾಗಲೇ "ಎರಡು ಕಾಪ್ಪಿ" ಅಂತ ಅಪ್ಪನ ಧಾಟೀಲೇ ಕೂಗ್ತಿದ್ರು, ಅಪ್ಪಂಗೆ ಅದರಲ್ಲಿ ಖುಷಿಯೇ, ಅವರು ಬರದ ದಿನ ಕೇಳ್ತಿದ್ರು "ಎಂತ ಇವತ್ತು ಕಾಪ್ಪಿಯವರು ಕಾಣುದಿಲ್ಲ" ಅಂತ. ಅವರೆಲ್ಲ ಅಪ್ಪನ ಕಷ್ಟಕ್ಕೆ ಆದವರು, ಅಂಗಡಿ ಬಾಡಿಗೆ ಕಟ್ಟಲಿಕ್ಕೆ ಆಗದ ಮಳೆಗಾಲದಲ್ಲಿ ಸಾಲ ಕೊಟ್ಟವರು. ಆದ್ರೆ ಒಂದು ದಿನ ಹೊರಗಿಂದ ಟೂರಿಗೆ ಬಂದ ಹುಡುಗರು ಮೊಬೈಲ್ ಹಿಡ್ಕೊಂಡು "ಅಂಕಲ್ ಇನ್ನೊಂದ್ ಸಲ ಹೇಳಿ, ಕಾಪ್ಪಿ ಅನ್ನಿ" ಅಂದ್ರು. ಅಪ್ಪ ಹೇಳಿದ್ರು. ಅವರು ಹೋದ ಮೇಲೆ ಲೋಟ ತೊಳೀತಾ ತೊಳೀತಾ ನನ್ನ ಹತ್ರ ಮೆಲ್ಲಗೆ ಕೇಳಿದ್ರು, "ನಾನು ಅಷ್ಟು ಕೆಟ್ಟದಾಗಿ ಮಾತಾಡ್ತೇನಾ ಮೋನೆ?"

ಶಬ್ದ ಒಂದೇ. ನಲವತ್ತು ವರ್ಷ ಗೊತ್ತಿದ್ದವರು ಹೇಳಿದ್ರೆ ಒಂದು, ಗುರುತಿಲ್ಲದವರು ಹೇಳಿಸಿದ್ರೆ ಇನ್ನೊಂದು. ತಪ್ಪು ಸರಿ ಅಂತ ಒಂದೇ ಮಾತಲ್ಲಿ ಹೇಳ್ಲಿಕ್ಕೆ ನನಗೆ ಆಗುದಿಲ್ಲ, ಆದ್ರೆ ಅಪ್ಪನ ಆ ಪ್ರಶ್ನೆ ನನಗೆ ಮರೆಯುದಿಲ್ಲ.

ಗೋಣಿಕೊಪ್ಪದವ:

ಟೀಚರ್ ಹೇಳಿದ್ದು ಒಪ್ಪಿದೆ. ಸಮಸಮ ಅನ್ನುದು ನಾನು ಯೋಚನೆ ಮಾಡಿರ್ಲಿಲ್ಲ. ಆದ್ರೂ ತಮಾಷೆಯೇ ಬೇಡ ಅನ್ನುದಕ್ಕೆ ನಾನು ಇಲ್ಲ.

ಮೈಸೂರಿಂದ ಬಂದವಳು:

ನಾನು ಮದುವೆ ಆಗಿ ನಾಪೋಕ್ಲು ಕಡೆ ಕೊಡವರ ಮನೆಗೆ ಬಂದಿದೀನಿ, ಆರು ವರ್ಷ ಆಯ್ತು, ಇಲ್ಲಿ ಹೊರಗಿನ ಧಾಟಿ ಇರೋದು ನಂದೇ. ಮೊದಲನೇ ವರ್ಷ ಬಾಯಿ ತೆಗೆದ್ರೆ ಸಾಕು ನಾದಿನಿಯರು ಮುಖ ಮುಖ ನೋಡ್ಕೋತಿದ್ರು. ಕೊಡವ ತಕ್ಕ್ ಕನ್ನಡಕ್ಕೆ ಹತ್ತಿರ ಅನ್ಕೊಂಡಿದ್ದೆ, ಹಾಲು ಪಾಲ್ ಆಗುತ್ತೆ, ಹೂವು ಪೂ ಆಗುತ್ತೆ, ಅಷ್ಟೇ ತಾನೇ ಅಂತ. ತಕ್ಕ್ ಅನ್ನೋ ಪದದ ಕೊನೇಲೇ ಸಿಕ್ಕಿಹಾಕ್ಕೊಂಡೆ. ಕನ್ನಡದಲ್ಲಿ ಅದನ್ನ ಬರೆಯೋಕೆ ಅಕ್ಷರನೇ ಇಲ್ಲ, ತಕ್ಕು ಅಂದ್ರೂ ತಪ್ಪು, ತಕ್ ಅಂತ ಕತ್ತರಿಸಿದ್ರೂ ತಪ್ಪು. ನಾನು ತಕ್ಕು ತಕ್ಕು ಅಂತಿದ್ರೆ ಎಲ್ಲರೂ ಬಿದ್ದು ಬಿದ್ದು ನಗೋರು, ಎಷ್ಟೋ ದಿನ ಅಡುಗೆಮನೇಲಿ ಬರೀ ತಲೆ ಆಡಿಸಿಕೊಂಡು ಇದ್ದುಬಿಟ್ಟೆ.

ಒಂದು ದಿನ ನಮ್ಮ ಯಜಮಾನರ ಅಜ್ಜಿ ಕಡಂಬುಟ್ಟು, ಅಂದ್ರೆ ಅಕ್ಕಿ ಉಂಡೆ, ಕಟ್ಟೋಕೆ ಪಕ್ಕದಲ್ಲಿ ಕೂರಿಸಿಕೊಂಡು, ಹಿಟ್ಟಾಗಿದ್ದ ಕೈಯಲ್ಲೇ ನನ್ನ ಎರಡೂ ಕೆನ್ನೆ ಹಿಡಿದು ತುಟಿನ ಆಚೀಚೆ ಎಳೆದ್ರು. ಉ ಅನ್ನು, ಆದ್ರೆ ತುಟಿ ಗುಂಡಗೆ ಮಾಡಬೇಡ, ಅಂತ ಅರ್ಥ. ಅವತ್ತು ಬಂತು ಆ ಶಬ್ದ. ಅಜ್ಜಿನೂ ನಕ್ಕರು, ನಾನೂ ನಕ್ಕೆ, ಆದ್ರೆ ಆ ನಗು ಆದಮೇಲೆ ನನಗೆ ಇನ್ನೂ ಒಂದು ಮಾತು ಆಡೋಣ ಅನ್ನಿಸ್ತು.

2011ರ ಜನಗಣತೀಲಿ ಇಡೀ ದೇಶದಲ್ಲಿ ಕೊಡವ ಮನೆಮಾತು ಅಂತ ಬರೆಸಿದವರು 1,13,857 ಜನ. ಬೇರೆಯವರು ಬಂದು ಕಲೀತೀನಿ ಅಂದಾಗ ನಗಾಡಿ ಬಾಯಿ ಮುಚ್ಚಿಸಿದ್ರೆ ಆ ಭಾಷೆಗೂ ಒಳ್ಳೇದಲ್ಲ ಅಂತ ನಾನು ನಾದಿನಿಯರಿಗೆ ಹೇಳಿದೀನಿ. ಕನ್ನಡಕ್ಕೂ ಅದೇ ಮಾತು ಅಲ್ವಾ. ಹೊರಗಿನವರು ಕನ್ನಡ ಕಲಿಯಲ್ಲ ಅಂತ ದಿನಾ ಬೈತೀವಿ, ಕಲಿತವನಿಗೆ ಸೀಲ ಅಂತ ಹೆಸರಿಡ್ತೀವಿ. ರೈಟರ್ ಅಣ್ಣ, ಅವರ ನಿಜವಾದ ಹೆಸರು ನೀವು ಸರಿಯಾಗಿ ಹೇಳ್ತೀರಾ? ಕೇಳಿ ನೋಡಿ.

ಕಣದ ರೈಟರ್:

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ಕಾಫಿ ಸಿಪ್ಪೆ ತೆಗೆಯುವ ಪಲ್ಪರ್ ಹಾಳಾಗಿ ಅದರ ಹಿಂದೆ ಓಡಾಡ್ತಾ ಇದ್ದೆ, ಬರೀಲಿಕ್ಕೆ ಆಗ್ಲಿಲ್ಲ.

ಅಕ್ಕ ಹೇಳಿದ ಹಾಗೆ ಕೇಳಿದೆ. ನಿನ್ನೆ ತೂಕ ಮುಗಿದ ಮೇಲೆ ಎಲ್ಲರೂ ಹೋದ್ರು, ಅವ ಚೀಲ ಮಡಚ್ತಾ ಇದ್ದ, ಹೋಗಿ ಪಕ್ಕದಲ್ಲಿ ಕೂತೆ. ಹಾಜರಿ ಪುಸ್ತಕದಲ್ಲಿ ನಾನು ಬರೆದ ಹೆಸರು ಓದಿ ಹೇಳಿದೆ, ಸರಿ ಉಂಟಾ ಅಂತ ಕೇಳಿದೆ. ಮೊದಲು "ಹೂಂ ಸಾರ್" ಅಂದ. ಬಿಡದೆ ಕೇಳಿದ ಮೇಲೆ ಅವನೇ ಹೇಳಿ ತೋರಿಸಿದ, ನಾನು ನಾಲ್ಕು ವರ್ಷದಿಂದ ಸ ಅಂತ ಬರೀತಾ ಇದ್ದ ಜಾಗದಲ್ಲಿ ಅವರದ್ದು ಗಂಟಲಿನ ಶಬ್ದ, ಖ ಮತ್ತೆ ಹ ಮಧ್ಯದ್ದು. ಅವರ ರಾಜ್ಯದ ಹೆಸರಲ್ಲೂ ಅದೇ ಶಬ್ದವಂತೆ, ಅಸ್ಸಾಂ ಅಂತ ಅವರು ಯಾರೂ ಹೇಳುದಿಲ್ಲ. ನಾನು ನಾಲ್ಕೈದು ಸಲ ಹೇಳಿ ನೋಡಿದೆ, ಬರ್ಲಿಲ್ಲ. ಅವ ನಗ್ಲಿಲ್ಲ. ನಿಧಾನ ಸಾರ್ ಅಂತ ಇನ್ನೊಂದು ಸಲ ಹೇಳಿಕೊಟ್ಟ.

ಅದನ್ನ ನೋಡಿ ನನಗೆ ತುಂಬಾ ನಾಚಿಕೆ ಆಯ್ತು.

ಬೆಳಿಗ್ಗೆ ಹಾಜರೀಲಿ ಹುಡುಗರಿಗೆ ಹೇಳಿದೆ, ಇನ್ನು ಮೇಲೆ ಅವನನ್ನ ಹೆಸರು ಹಿಡಿದು ಕರೀಬೇಕು ಅಂತ. ಒಬ್ಬಿಬ್ಬರು ಮುಖ ಗಂಟು ಹಾಕಿದ್ರು, ಸಂಜೆ ಒಬ್ಬ ಮತ್ತೆ ಸೀಲ ಅಂದ, ಅಲ್ಲೇ ನಿಲ್ಲಿಸಿದೆ. ಒಂದು ದಿನದಲ್ಲಿ ಹೋಗುದಿಲ್ಲ ಅಂತ ಗೊತ್ತುಂಟು. ಮತ್ತೆ ಒಂದು ಸಣ್ಣ ನೋಟ್‌ಬುಕ್ ತಂದು ಅವನ ಹೆಂಡತಿ ಕೈಗೆ ಕೊಟ್ಟಿದ್ದೇನೆ, ದಿನದ ತೂಕ ಅವಳೂ ಬರ್ಕೊಳ್ಳಿ ಅಂತ. ಇವತ್ತು ನಾನು ಪುಸ್ತಕದಲ್ಲಿ 148 ಅಂತ ಬರೆದು ಗಟ್ಟಿಯಾಗಿ ಓದಿದೆ. ಅವಳು ತನ್ನ ನೋಟ್‌ಬುಕ್ ನೋಡಿ ಗಂಡನ ಕಡೆ ನೋಡಿದ್ಳು, ಅವ ಕಣದ ಆ ತುದಿಯಿಂದ ಎಲ್ಲರಿಗೂ ಕೇಳುವ ಹಾಗೆ ಹೇಳಿದ, "ಸರಿ ಉಂಟು ಸಾರ್."