ಕಣ್ಣಿಗೆ ಲೇಸರ್ ಮಾಡಿಸಲಾ, ಬೇಡ್ವಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನಗೆ 27 ವರ್ಷ, ಮಂಡ್ಯ ಹತ್ತಿರದ ಹಳ್ಳಿ. ಎರಡೂ ಕಣ್ಣಿಗೆ ಮೈನಸ್ ಐದೂವರೆ ಪವರ್, ಎರಡು ವರ್ಷದಿಂದ ಬದಲಾಗಿಲ್ಲ. ನಮ್ಮದು ಆಲೆಮನೆ. ಕೊಪ್ಪರಿಗೆ ಹತ್ತಿರ ಹೋದರೆ ಸಾಕು, ಹಬೆಗೆ ಕನ್ನಡಕ ಪೂರ್ತಿ ಮಂಜಾಗುತ್ತದೆ. ತೆಗೆದರೆ ಕುದಿಯುವ ಪಾಕವೂ ಸರಿಯಾಗಿ ಕಾಣಲ್ಲ, ಭಯ ಆಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿ ನೋಡಿದೆ, ಹೊಗೆಗೆ ಕಣ್ಣು ಉರಿದು ಕೆಂಪಾಯಿತು.

ಮೈಸೂರಿನಲ್ಲಿ ಎರಡು ಕಡೆ ತೋರಿಸಿದೆ. ಮೊದಲನೇ ಕಡೆ, ಲೆನ್ಸ್ ಬಿಟ್ಟು ಎಷ್ಟು ದಿನ ಆಯ್ತು ಅಂತಲೂ ಕೇಳದೆ ಸ್ಕ್ಯಾನ್ ಮಾಡಿ, ಲೇಸಿಕ್ (ಕನ್ನಡಕ ಬಿಡಿಸುವ ಒಂದು ಬಗೆಯ ಲೇಸರ್ ಆಪರೇಷನ್) ಆಗುತ್ತೆ, ಮುಂದಿನ ವಾರವೇ ಬನ್ನಿ ಅಂದರು. ಎರಡನೇ ಕಡೆ ಲೆನ್ಸ್ ಹಾಕುತ್ತಿದ್ದರೆ ಅಳತೆ ತಪ್ಪಬಹುದು ಅಂತ ಎರಡು ವಾರ ಲೆನ್ಸ್ ಬಿಡಿಸಿ ಆಮೇಲೆ ನೋಡಿದರು. ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಭಾಗ) ದಪ್ಪ 490 ಮೈಕ್ರಾನ್, ಸ್ವಲ್ಪ ತೆಳು. ಲೇಸಿಕ್‌ನಲ್ಲಿ ಅದರ ಮೇಲಿನ ಪದರ ಕೊಯ್ದು ಎತ್ತಬೇಕು, ನಿಮಗೆ ಹಾಗೆ ಪದರ ಎತ್ತದ ಇನ್ನೊಂದು ಲೇಸರ್ ವಿಧಾನ ಪಿಆರ್‌ಕೆ ವಾಸಿ ಅಂದರು. ಅದರಲ್ಲಿ ಮೊದಲ ಕೆಲವು ದಿನ ನೋವು ಜಾಸ್ತಿ, ನೋಟ ತಿಳಿಯಾಗೋಕೆ ವಾರಗಳೇ ಬೇಕಂತೆ.

ನನಗೆ ಎರಡನೆಯವರ ಮಾತೇ ಸರಿ ಅನಿಸುತ್ತದೆ. ಆದರೆ ಅಪ್ಪ ಒಪ್ಪುತ್ತಿಲ್ಲ. "ಇರೋ ಕಣ್ಣೂ ಕಳ್ಕೊಂಡ್ರೆ ಏನ್ ಮಾಡ್ತೀಯ ಮಗ?" ಅಂತಾರೆ.

ಕಾರ್ನಿಯಾ ತೆಳು ಇದ್ದು ಪಿಆರ್‌ಕೆ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ? ಹೊಗೆ, ಧೂಳಿನ ಕೆಲಸಕ್ಕೆ ಎಷ್ಟು ದಿನಕ್ಕೆ ವಾಪಸ್ ಹೋದಿರಿ? ಕಣ್ಣು ಒಣಗುವ ತೊಂದರೆ ಎಷ್ಟು ಕಾಲ ಇತ್ತು?