ಕಾಣುವ ಕೆಲಸಕ್ಕಷ್ಟೇ ಮತ ಬೀಳುವುದಾದರೆ ಕಾಣದ ಕೆಲಸ ಮಾಡುವವರು ಯಾರು?

ಪ್ರಶ್ನೆ

ಸೋಲಿನ ಭಯ ಇರುವುದರಿಂದಲೇ ಆಳುವವರು ಜನರ ಮಾತಿಗೆ ಕಿವಿಗೊಡುತ್ತಾರೆ ಎಂಬುದು ಪ್ರಜಾಪ್ರಭುತ್ವದ ಮೊದಲ ಪಾಠ. ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವುದು ಅದೇ ಭಯದ ಇನ್ನೊಂದು ಮುಖ. ನೆಲದಡಿಯ ಹಳೆಯ ಕೊಳವೆಗಳನ್ನು ಬದಲಿಸುವುದು, ಪಿಂಚಣಿ ನಿಧಿಯನ್ನು ಸರಿದೂಗಿಸುವುದು, ಪ್ರವಾಹಕ್ಕೆ ಮೊದಲೇ ತಡೆಗೋಡೆ ಕಟ್ಟುವುದು ಮುಂತಾದ ಕೆಲಸಗಳು ಫಲ ಕೊಡಲು ಹತ್ತು ಹದಿನೈದು ವರ್ಷ ಹಿಡಿಯುತ್ತವೆ. ನಾಲ್ಕೈದು ವರ್ಷಕ್ಕೊಮ್ಮೆ ಮತ ಕೇಳಬೇಕಾದವರು ಅವುಗಳಿಗೆ ಇಂದು ಹಣ ತೆಗೆದಿಡಲು ಯಾವ ಕಾರಣ ಉಳಿಯುತ್ತದೆ? ಖರ್ಚಿನ ಬೈಗುಳ ಇವರ ಪಾಲಿಗೆ, ಫಲದ ಹೊಗಳಿಕೆ ಮುಂದೆ ಬರುವವರ ಪಾಲಿಗೆ. ಹಾಗಾದರೆ ಚುನಾವಣೆಯೇ ಕೆಟ್ಟ ನೀತಿಗಳನ್ನು ಬೆಳೆಸುತ್ತಿದೆಯೇ, ಇಲ್ಲವೇ ದೋಷ ಬೇರೆಲ್ಲಾದರೂ ಇದೆಯೇ?

ಉತ್ತರ 1

ನಿಮ್ಮ ಆತಂಕಕ್ಕೆ ಆಧಾರವಿದೆ. ಮತದಾನಕ್ಕೆ ಮುನ್ನ ಕೈ ಸಡಿಲಿಸಿ, ಗೆದ್ದ ಮೇಲೆ ಬಿಗಿ ಹಿಡಿಯುವ ಏರಿಳಿತವನ್ನು ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹೌಸ್ 1975ರಲ್ಲಿ ‘ರಾಜಕೀಯ ವ್ಯಾಪಾರ ಚಕ್ರ’ ಎಂಬ ಹೆಸರಿನಲ್ಲಿ ವಿವರಿಸಿದರು. ಅದಕ್ಕೆ ಮೂರು ವರ್ಷ ಮೊದಲು ಅಮೆರಿಕದಲ್ಲಿ ನಡೆದದ್ದನ್ನು ತಾರೀಖುಗಳ ಸಮೇತ ನೋಡಿ. ಸಾಮಾಜಿಕ ಭದ್ರತಾ ಪಿಂಚಣಿಯನ್ನು ಶೇ. 20ರಷ್ಟು ಹೆಚ್ಚಿಸುವ ಮಸೂದೆಗೆ ಅಧ್ಯಕ್ಷ ನಿಕ್ಸನ್ 1972ರ ಜುಲೈ 1ರಂದು ಸಹಿ ಹಾಕಿದರು. ಹೆಚ್ಚಿದ ಮೊತ್ತದ ಚೆಕ್ಕುಗಳು ವೃದ್ಧರ ಕೈ ಸೇರಿದ್ದು ಅಕ್ಟೋಬರಿನಲ್ಲಿ, ಮತದಾನ ನಡೆದದ್ದು ನವೆಂಬರ್ 7ರಂದು, ಅದರ ಹೊರೆ ಹೊರಬೇಕಾದ ವೇತನ ತೆರಿಗೆ ಏರಿದ್ದು 1973ರ ಜನವರಿಯಲ್ಲಿ. ಇಷ್ಟು ದೊಡ್ಡ ಹೆಚ್ಚಳ ಬೇಡವೆಂದು ಮೊದಲು ಹೇಳಿದ್ದವರು ನಿಕ್ಸನ್ ಅವರೇ, ಅದನ್ನು ಮುಂದೆ ತಂದದ್ದು ವಿರೋಧ ಪಕ್ಷದ ಬಹುಮತವಿದ್ದ ಸಂಸತ್ತು ಎಂಬುದನ್ನೂ ಇಲ್ಲಿ ಹೇಳಲೇಬೇಕು. ಒಬ್ಬ ವ್ಯಕ್ತಿಯ ದುರಾಸೆಗಿಂತ ಚುನಾವಣಾ ವರ್ಷದ ಒತ್ತಡವೇ ಎರಡೂ ಕಡೆಯವರನ್ನು ಒಂದೇ ದಿಕ್ಕಿಗೆ ತಳ್ಳಿತು ಎಂದು ನಾನು ಓದಿಕೊಳ್ಳುತ್ತೇನೆ.

ಇಂಥ ಆಮಿಷದಿಂದ ತಪ್ಪಿಸಿಕೊಳ್ಳಲು ಕೆಲವು ದೇಶಗಳು ಆಯ್ದ ಅಧಿಕಾರಗಳನ್ನು ರಾಜಕಾರಣಿಗಳ ಕೈಯಿಂದಲೇ ತೆಗೆದಿವೆ. ಬ್ರಿಟನ್ನಿನಲ್ಲಿ 1997ರ ಮೇ 1ರಂದು ಗೆದ್ದ ಸರ್ಕಾರ ಒಂದು ವಾರ ತುಂಬುವುದರೊಳಗೆ ಬಡ್ಡಿದರ ನಿಗದಿಯನ್ನು ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಬಿಟ್ಟುಕೊಡುವುದಾಗಿ ಪ್ರಕಟಿಸಿತು. ನನ್ನ ಅಭಿಪ್ರಾಯದಲ್ಲಿ ದೂರದೃಷ್ಟಿ ಬೇಕಾದ ಇನ್ನಷ್ಟು ವಿಷಯಗಳಿಗೆ ಇದೇ ಮಾರ್ಗ ಸೂಕ್ತ.

ಉತ್ತರ 2

ಮೇಲಿನವರ ವಿವರಣೆಯನ್ನು ಒಪ್ಪುತ್ತೇನೆ, ಪರಿಹಾರವನ್ನು ಒಪ್ಪಲಾರೆ. ಬಡ್ಡಿದರದ ಮಾತು ಬೇರೆ. ತೆರಿಗೆ, ಶಾಲೆ, ನೀರು ಎಲ್ಲವನ್ನೂ ತಜ್ಞರ ಸಮಿತಿಗೆ ಒಪ್ಪಿಸಿದ ಮೇಲೆ ಮತದಾರ ತೀರ್ಪು ಕೊಡುವುದಾದರೂ ಯಾವುದರ ಮೇಲೆ?

ತೊಡಕಿರುವುದು ಅವಧಿಯ ಉದ್ದದಲ್ಲಿ ಎನ್ನುವುದಕ್ಕಿಂತ ಮತದಾರನ ಕಣ್ಣಿಗೆ ಬೀಳುವುದು ಯಾವುದು ಎಂಬುದರಲ್ಲಿ. ಅಮೆರಿಕದ ಪ್ರಕೃತಿ ವಿಕೋಪಗಳ ಖರ್ಚನ್ನು ಚುನಾವಣಾ ಫಲಿತಾಂಶಗಳ ಜೊತೆ ಹೋಲಿಸಿ ಆಂಡ್ರ್ಯೂ ಹೀಲಿ ಮತ್ತು ನೀಲ್ ಮಲ್ಹೋತ್ರಾ 2009ರಲ್ಲಿ ಪ್ರಕಟಿಸಿದ ಅಧ್ಯಯನ ನಿಮ್ಮ ತಡೆಗೋಡೆಯ ಉದಾಹರಣೆಗೆ ನೇರವಾಗಿ ಸಂಬಂಧಿಸಿದೆ. ವಿಕೋಪದ ನಂತರ ಪರಿಹಾರ ಹಂಚಿದಲ್ಲಿ ಅಧ್ಯಕ್ಷರ ಪಕ್ಷಕ್ಕೆ ಮತ ಹೆಚ್ಚಿತು, ಮುಂಜಾಗ್ರತೆಗೆ ಮಾಡಿದ ಖರ್ಚಿಗೆ ಅಂಥ ಪ್ರತಿಫಲ ಸಿಗಲಿಲ್ಲ. ಆದರೆ ಮುಂಜಾಗ್ರತೆಗೆ ಹಾಕಿದ ಒಂದು ಡಾಲರ್ ಮುಂದಿನ ಹಾನಿಯಲ್ಲಿ ಸುಮಾರು 15 ಡಾಲರ್ ಉಳಿಸುತ್ತದೆ ಎಂಬುದು ಅವರ ಅಂದಾಜು. ತುಂಬಿ ಹರಿದ ಹೊಳೆಯ ಪಕ್ಕ ನಿಂತು ಪರಿಹಾರ ಕೊಡುವವರ ಮುಖ ಎಲ್ಲರಿಗೂ ನೆನಪಿರುತ್ತದೆ, ಬಾರದೇ ಹೋದ ಪ್ರವಾಹವನ್ನು ಯಾರೂ ನೋಡಿರುವುದಿಲ್ಲ.

ಅಮರ್ತ್ಯ ಸೇನ್ ಅವರ ಪ್ರಸಿದ್ಧ ವಾದಕ್ಕೂ ಇದೇ ಬೆಳಕು ಹೊಂದುತ್ತದೆ. ಚುನಾವಣೆ ಮತ್ತು ಸ್ವತಂತ್ರ ಪತ್ರಿಕೆಗಳು ಇರುವ ದೇಶದಲ್ಲಿ ದೊಡ್ಡ ಕ್ಷಾಮ ಸಂಭವಿಸುವುದಿಲ್ಲ ಎಂದ ಅವರೇ, ಅಂಥ ದೇಶಗಳಲ್ಲೂ ದಿನನಿತ್ಯದ ಅಪೌಷ್ಟಿಕತೆ ಉಳಿದುಕೊಳ್ಳುತ್ತದೆ ಎಂದು ಎಚ್ಚರಿಸಿದ್ದರು. ಕ್ಷಾಮ ಸುದ್ದಿಯಾಗುತ್ತದೆ, ಸರ್ಕಾರವನ್ನು ಉರುಳಿಸಬಲ್ಲದು. ಎತ್ತರ ಬೆಳೆಯದ ಮಗು ಸುದ್ದಿಯಾಗುವುದಿಲ್ಲ.

ಪ್ರಶ್ನೆ ಕೇಳಿದವರು

ಈ ವ್ಯತ್ಯಾಸ ನನಗೆ ಹೊಳೆದಿರಲಿಲ್ಲ, ಧನ್ಯವಾದಗಳು. ಹಾಗಿದ್ದರೆ ಇನ್ನೊಂದು ಸಂದೇಹ. ಕಾನೂನಿನ ಪ್ರಕಾರ ಮತ್ತೆ ಸ್ಪರ್ಧಿಸುವಂತಿಲ್ಲದವರಿಗೆ ಮತದ ಹಂಗೇ ಇರುವುದಿಲ್ಲ. ಕಾಣದ ಕೆಲಸಗಳನ್ನು ಅವರಾದರೂ ಧೈರ್ಯವಾಗಿ ಮಾಡಬಹುದಲ್ಲವೇ?

ಉತ್ತರ 2 ಬರೆದವರು

ಮಾಡಬಹುದು. ಆದರೆ ಹಂಗು ಹರಿದಾಗ ಧೈರ್ಯದ ಜೊತೆ ಲಗಾಮೂ ಸಡಿಲವಾಗುತ್ತದೆ. ಇದನ್ನು ಅಳೆದು ನೋಡಲು ಬ್ರೆಜಿಲ್‌ನಲ್ಲಿ ಒಂದು ಅಪರೂಪದ ಅವಕಾಶ ಒದಗಿತು. ಅಲ್ಲಿ ಮೇಯರ್ ಸತತ ಎರಡು ಅವಧಿಗಷ್ಟೇ ಇರಬಹುದು. 2003ರಿಂದ ಅಲ್ಲಿನ ಕೇಂದ್ರ ಸರ್ಕಾರ ಸಾರ್ವಜನಿಕವಾಗಿ ಲಾಟರಿ ಎತ್ತಿ, ಹೆಸರು ಬಂದ ಪುರಸಭೆಗಳಿಗೆ ಲೆಕ್ಕ ಪರಿಶೋಧಕರನ್ನು ಕಳುಹಿಸಿ, ಅವರ ವರದಿಯನ್ನು ಎಲ್ಲರಿಗೂ ತೆರೆದಿಟ್ಟಿತು. ಆ ವರದಿಗಳನ್ನು ಪರಿಶೀಲಿಸಿದ ಕ್ಲಾಡಿಯೊ ಫೆರಾಜ್ ಮತ್ತು ಫ್ರೆಡೆರಿಕೊ ಫಿನಾನ್ ಅವರ ಲೆಕ್ಕದಂತೆ, ಮರುಆಯ್ಕೆಗೆ ನಿಲ್ಲಬಹುದಾದ ಮೇಯರ್‌ಗಳ ಆಡಳಿತದಲ್ಲಿ ಹಣದ ದುರುಪಯೋಗ ಕೊನೆಯ ಅವಧಿಯವರಿಗಿಂತ ಶೇ. 27ರಷ್ಟು ಕಡಿಮೆಯಿತ್ತು. ಆದ್ದರಿಂದ ಮತದ ಹಂಗನ್ನು ನಾನು ಸುಲಭವಾಗಿ ಬಿಟ್ಟುಕೊಡಲಾರೆ.

ಇನ್ನೂ ಮುಖ್ಯವಾದದ್ದು 2004ರ ಸ್ಥಳೀಯ ಚುನಾವಣೆ. ಕೆಲವು ಪುರಸಭೆಗಳ ವರದಿ ಮತದಾನಕ್ಕೆ ಮೊದಲು, ಉಳಿದವುಗಳದು ನಂತರ ಹೊರಬಂದದ್ದರಿಂದ ಹೋಲಿಕೆ ಸಾಧ್ಯವಾಯಿತು. ಅಕ್ರಮ ಮೊದಲೇ ಬಯಲಾದ ಮೇಯರ್‌ಗಳು ಮತ್ತೆ ಗೆಲ್ಲುವ ಸಾಧ್ಯತೆ ಕುಗ್ಗಿತು, ಸ್ಥಳೀಯ ರೇಡಿಯೊ ಕೇಂದ್ರವಿದ್ದ ಊರುಗಳಲ್ಲಿ ಆ ಪೆಟ್ಟು ಹೆಚ್ಚು ಜೋರಾಗಿತ್ತು. ಅದೇ ರೇಡಿಯೊ ಇದ್ದ ಊರುಗಳಲ್ಲಿ, ಲೆಕ್ಕ ಶುದ್ಧವಾಗಿದ್ದ ಮೇಯರ್‌ಗೆ ವರದಿಯಿಂದ ಲಾಭವೇ ಆಯಿತು. ನೆಲದಡಿಯ ಕೊಳವೆಯ ಸ್ಥಿತಿಗತಿಯನ್ನೂ ಪಿಂಚಣಿ ನಿಧಿಯ ಕೊರತೆಯನ್ನೂ ಹೀಗೆಯೇ ಮತದಾನಕ್ಕೆ ಮೊದಲು, ಯಾರಿಗೂ ಅರ್ಥವಾಗುವ ಭಾಷೆಯಲ್ಲಿ, ಪ್ರತಿ ಮತದಾರನ ಕಿವಿಗೆ ಮುಟ್ಟಿಸುವ ವ್ಯವಸ್ಥೆ ಬೇಕೆಂದು ನಾನು ಕೇಳುವುದು ಇದಕ್ಕಾಗಿಯೇ.